ಗೇಟಕ್ಕ ಮತ್ತು ಅವಳಿಜವಳಿ

ಹತ್ತೊಂಬತ್ತು ವರ್ಷ ಶಾಲೆಯ ಗೇಟು ಕಾದವಳನ್ನು ಮಕ್ಕಳಷ್ಟೇ ಅಲ್ಲ, ಮೇಷ್ಟ್ರುಗಳೂ 'ಗೇಟಕ್ಕ' ಎಂದೇ ಕರೆಯುತ್ತಿದ್ದರು. ಆರುನೂರು ಮಕ್ಕಳಲ್ಲಿ ಯಾರು ಅತ್ತುಕೊಂಡು ಬಂದರು, ಯಾರು ಹೋಂವರ್ಕ್ ಮಾಡದೆ ಬಂದರು ಎಂದು ಅವಳು ಮುಖ ನೋಡಿಯೇ ಹೇಳಿಬಿಡುತ್ತಿದ್ದಳು.

ಈ ವರ್ಷ ಶಾಲೆ ತೆರೆದಾಗ ಗೇಟಿಗೆ ಮುಖ ಗುರುತಿಸುವ ಕ್ಯಾಮೆರಾ ಬಂತು. ಬೆಳಗ್ಗೆ ಒಳಗೆ ಬಂದವರನ್ನೂ ಶಾಲೆ ಬಿಟ್ಟಾಗ ಹೊರಗೆ ಹೋದವರನ್ನೂ ಅದೇ ಬರೆದುಕೊಳ್ಳುತ್ತಿತ್ತು. "ಇನ್ನು ನೀನು ಆರಾಮಾಗಿರು" ಎಂದು ಹೆಡ್‌ಮೇಡಂ ಅವಳನ್ನು ವರಾಂಡ ಗುಡಿಸಲು ಹಾಕಿದರು. ಆದರೂ ಗೇಟಕ್ಕ ಶಾಲೆ ಬಿಡುವ ಹೊತ್ತಿಗೆ ಪೊರಕೆ ಹಿಡಿದುಕೊಂಡೇ ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದಳು.

ಒಂದು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟು ಗಂಟೆಯಾದ ಮೇಲೆ, ಮೂರನೇ ಕ್ಲಾಸಿನ, ಅಚ್ಚು ಒಂದೇ ಮುಖದ ಅವಳಿಜವಳಿ ಹುಡುಗಿಯರ ತಾಯಿ ದೊಡ್ಡವಳ ಕೈ ಹಿಡಿದು ಏದುಸಿರು ಬಿಡುತ್ತಾ ಓಡಿಬಂದಳು. ಚಿಕ್ಕವಳು ಮನೆಗೇ ಬಂದಿರಲಿಲ್ಲ.

ಕಂಪ್ಯೂಟರ್ ಮೇಷ್ಟ್ರು ಪರದೆ ತೋರಿಸಿದರು. "ನೋಡಿ, ಇಬ್ಬರೂ ಹೊರಗೆ ಹೋಗಿದ್ದಾರೆ. ಆರು ನಿಮಿಷ ವ್ಯತ್ಯಾಸ ಅಷ್ಟೇ."

ಎಲ್ಲರೂ ರಸ್ತೆಗೆ ಓಡಲು ಹೊರಟರು. ಗೇಟಕ್ಕ ಅಡ್ಡ ನಿಂತಳು.

"ಎರಡು ಸಲವೂ ಹೋಗಿದ್ದು ದೊಡ್ಡವಳೇ ಸಾರ್. ಕೊಡೆ ಮರೆತು ವಾಪಸ್ ಬಂದಿದ್ದಳು. ಹೌದೇನೇ ಪುಟ್ಟಿ?"

ಹುಡುಗಿ ತಲೆಯಾಡಿಸಿದಳು. "ತಂಗಿ ಮುಂದೆ ಹೋಗಿದ್ದಾಳೆ ಅಂದ್ಕೊಂಡೆ."

"ಮಿಷನ್ನು ಸುಳ್ಳು ಹೇಳುತ್ತಾ?" ಎಂದರು ಮೇಷ್ಟ್ರು.

"ಅದು ಏನಾದ್ರೂ ಹೇಳ್ಲಿ ಸಾರ್. ಚಿಕ್ಕವಳು ನನಗೆ ಹಲ್ಲು ಕಿರಿಯದೆ ಗೇಟು ದಾಟಿದವಳೇ ಅಲ್ಲ. ಮಗು ಒಳಗೇ ಇದೆ. ಕೀ ಕೊಡಿ!"

ಹೆಡ್‌ಮೇಡಂ ಒಂದು ಕ್ಷಣ ಅವಳ ಮುಖ ನೋಡಿ, ಕೀಗೊಂಚಲನ್ನೇ ಕೈಗಿತ್ತರು. ಗೇಟಕ್ಕ ಒಂದೊಂದೇ ಕೋಣೆ ತೆರೆಯುತ್ತಾ, ಹೆಸರು ಹಿಡಿದು ಕೂಗುತ್ತಾ ನಡೆದಳು. ಹಿಂಭಾಗದ ಆಟದ ಸಾಮಾನಿನ ಕೋಣೆಯೊಳಗಿಂದ ದಬದಬ ಸದ್ದು ಕೇಳಿತು. ಬಾಗಿಲು ತೆರೆದದ್ದೇ ತಡ, ಮಗು ಅವಳ ಸೊಂಟಕ್ಕೆ ಜೋತುಬಿತ್ತು.

"ಸ್ಕಿಪ್ಪಿಂಗ್ ಹಗ್ಗ ಇಡೋಕೆ ಬಂದೆ... ಯಾರೋ ಬೀಗ ಹಾಕಿಬಿಟ್ರು! ಎಷ್ಟು ಕೂಗಿದೆ ಗೊತ್ತಾ?"

"ಗೊತ್ತು ಕಣವ್ವಾ, ಗೊತ್ತು" ಎನ್ನುತ್ತಾ ಗೇಟಕ್ಕ ಅವಳನ್ನು ಎತ್ತಿಕೊಂಡಳು. ಸೋಮವಾರದವರೆಗೆ ಆ ಬಾಗಿಲನ್ನು ಯಾರೂ ತೆರೆಯುತ್ತಿರಲಿಲ್ಲ ಎಂಬುದು ಆಗಲೇ ಅವಳಿಗೆ ಹೊಳೆದದ್ದು. ತಾಯಿ ಮಗುವನ್ನೂ ಗೇಟಕ್ಕನನ್ನೂ ಒಟ್ಟಿಗೇ ತಬ್ಬಿಕೊಂಡಳು.

ಸೋಮವಾರ ಬೆಳಗ್ಗೆ ಇಡೀ ಶಾಲೆಯ ಮುಂದೆ ಹೆಡ್‌ಮೇಡಂ, "ಇವಳನ್ನು ಗೇಟಿನಿಂದ ಎಬ್ಬಿಸಿದ್ದು ನನ್ನ ತಪ್ಪು" ಎಂದರು. ಆರುನೂರು ಮಕ್ಕಳ ಚಪ್ಪಾಳೆಗೆ ಗೇಟಕ್ಕ ನಾಚಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಕ್ಯಾಮೆರಾ ಈಗಲೂ ಅಲ್ಲೇ ಇದೆ, ಅದರ ಕೆಳಗೇ ಅವಳ ಕುರ್ಚಿ. ದಿನಾ ಸಂಜೆ ಪಟ್ಟಿ ಮುಗಿಸುವ ಮೊದಲು ಕಂಪ್ಯೂಟರ್ ಮೇಷ್ಟ್ರು ಕಿಟಕಿಯಿಂದ ಕತ್ತು ಹೊರಗೆ ಹಾಕಿ ಕೇಳುತ್ತಾರೆ:

"ಅಕ್ಕಾ, ಎಲ್ಲರೂ ಹೋದ್ರಾ?"

"ಅವಸರ ಮಾಡಬೇಡಿ ಸಾರ್, ಇನ್ನೂ ಇಬ್ಬರಿದ್ದಾರೆ" ಎನ್ನುತ್ತಾಳೆ ಅವಳು, ರಾಣಿಯ ಹಾಗೆ ಕುಳಿತು.