ರಿವರ್ಸ್ ಲೈಟು ಆರಿಹೋದ ಸಂಜೆ

ಅಕ್ಕನೂ ನಾನೂ ತಿರುಮಣಿಯ ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್ ತೊಳೆಯುವ ಕೆಲಸ ಹಿಡಿದದ್ದು ನನ್ನ ಹಳೆಯ ವ್ಯಾನಿನ ದೆಸೆಯಿಂದ. ಅದರ ಹಿಂದೆ ಟ್ರೈಲರ್ ಎಳೆಯುವ ಕೊಕ್ಕೆ ಇತ್ತು. ಗುತ್ತಿಗೆದಾರನ ಹತ್ತಿರ ನೀರಿನ ಟ್ಯಾಂಕು ಕೂರಿಸಿದ ಟ್ರೈಲರ್ ಇತ್ತು, ಎಳೆಯಲು ಗಾಡಿ ಇರಲಿಲ್ಲ. ನಾನು ಓಡಿಸುವುದು, ಅಕ್ಕ ಪೈಪು ಹಿಡಿಯುವುದು ಎಂದು ಮಾತಾಯಿತು. ನಮ್ಮ ಹೊಲವೂ ಪಾರ್ಕಿಗೆ ಹೋಗಿತ್ತು. ಅಪ್ಪ ಕಡಲೆಕಾಯಿ ಬಿತ್ತುತ್ತಿದ್ದ ನೆಲದ ಮೇಲೆ ಯಾವ ಸಾಲಿನ ಪ್ಯಾನೆಲ್ ನಿಂತಿದೆ ಎಂದು ಅಕ್ಕ ಕೈ ತೋರಿಸಿ ಹೇಳುತ್ತಿದ್ದಳು. ನನಗೆ ಎಲ್ಲ ಸಾಲೂ ಒಂದೇ ಥರ ಕಾಣುತ್ತಿತ್ತು.

ಅಕ್ಕ ಮಡಕಶಿರಾ ಕಡೆಗೆ ಮದುವೆಯಾಗಿ ಹೋದವಳು, ಭಾವ ತೀರಿಕೊಂಡ ಮೇಲೆ ಊರಿಗೆ ಬಂದಳು. ಅಲ್ಲಿಯ ತೆಲುಗು ಅವಳ ನಾಲಿಗೆಯಲ್ಲೇ ಉಳಿದಿತ್ತು. ಗಾಡಿ ಹಿಂದಕ್ಕೆ ತೆಗೆಯುವಾಗ ಟ್ಯಾಂಕಿನ ಹಿಂದೆ ನಿಂತು ಬಾ ಬಾ ಅನ್ನುವುದನ್ನೂ "ರಾ, ರಾ" ಎಂದೇ ಕೂಗುತ್ತಿದ್ದಳು. ಆ ಕೂಗು ಇಲ್ಲದೆ ನನಗೆ ಆಗುತ್ತಲೂ ಇರಲಿಲ್ಲ. ಟ್ಯಾಂಕು ಒಳಗಿನ ಕನ್ನಡಿಯನ್ನೆಲ್ಲ ಮುಚ್ಚಿಬಿಡುತ್ತಿತ್ತು, ಪಕ್ಕದ ಕನ್ನಡಿಗಳಲ್ಲಿ ಬರೀ ಮಬ್ಬು. ಸಾಲುಗಳ ನಡುವಿನ ಓಣಿಯಲ್ಲಿ ಗಾಡಿ ತಿರುಗಿಸಲು ಜಾಗವಿಲ್ಲ, ಒಳಗೆ ಮುಂದಕ್ಕೆ ಹೋದದ್ದು ಹಿಮ್ಮುಖವಾಗಿಯೇ ಹೊರಬರಬೇಕು. ಟ್ರೈಲರ್ ಬೇರೆ, ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದರೆ ಬಲಕ್ಕೆ ಹೋಗುವ ಜಾತಿ. ಬಿಸಿಲಿಗೆ ಕಾದ ಗಾಜಿಗೆ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ ಎಂದು ನಮ್ಮ ಕೆಲಸ ಶುರುವಾಗುತ್ತಿದ್ದುದೇ ಹೊತ್ತು ಇಳಿದ ಮೇಲೆ. ಮುಗಿಯುವ ಹೊತ್ತಿಗೆ ಕತ್ತಲಾಗಿ ಕಣ್ಣು ಮಸುಕುಮಸುಕಾಗುತ್ತಿತ್ತು.

ಒಂದು ಸಂಜೆ ಟ್ರೈಲರ್ ಸೊಟ್ಟಗೆ ಹೋಗಿ ಅಕ್ಕ ಟ್ಯಾಂಕಿಗೂ ಪ್ಯಾನೆಲ್ಲಿನ ಕಂಬಕ್ಕೂ ನಡುವೆ ಸಿಕ್ಕಿಕೊಂಡಳು. ಅವಳು ಟ್ಯಾಂಕಿನ ತಗಡನ್ನು ಎರಡೂ ಕೈಯಲ್ಲಿ ಬಡಿದ ಸದ್ದಿಗೆ ಬ್ರೇಕು ಒತ್ತಿದೆ. ಇಳಿದು ಓಡಿದರೆ ಅವಳ ಸೆರಗು ಕಂಬಕ್ಕೂ ಟ್ಯಾಂಕಿಗೂ ಸಿಕ್ಕಿ ಬಿಗಿದಿತ್ತು. ಮೈಗೆ ಏನೂ ಆಗಿರಲಿಲ್ಲ. ಆದರೆ ಆ ದಿನ ನನಗೆ ಊಟ ಇಳಿಯಲಿಲ್ಲ. ಇನ್ನು ಇವಳನ್ನು ಹಿಂದೆ ನಿಲ್ಲಿಸಬಾರದು, ಹಿಂದೆ ಏನಿದೆ ಎಂದು ನನಗೇ ಕಾಣಬೇಕು ಎಂದುಕೊಂಡೆ.

ಸಿರಾದ ಗುಜರಿ ಅಂಗಡಿಯಲ್ಲಿ ಯಾವುದೋ ಲಾರಿಯಿಂದ ಬಿಚ್ಚಿದ ಎರಡು ದೊಡ್ಡ ಲೈಟು ಸಿಕ್ಕವು. ಅವನ್ನು ಟ್ರೈಲರಿನ ಹಿಂದಿನ ಚೌಕಟ್ಟಿಗೆ ಬೋಲ್ಟು ಹಾಕಿ ಕೂರಿಸಿದೆ. ವ್ಯಾನಿನ ಕೊಕ್ಕೆಯ ಪಕ್ಕದಲ್ಲಿ ಟ್ರೈಲರಿಗೆ ಕರೆಂಟು ಕೊಡುವ ದುಂಡನೆಯ ಸಾಕೆಟ್ಟು ಇರುತ್ತದೆ. ಅದರಲ್ಲಿ ಬ್ರೇಕಿಗೆ ಒಂದು ಪಿನ್ನು, ಪಾರ್ಕಿಂಗ್ ಲೈಟಿಗೆ ಒಂದು, ರಿವರ್ಸಿಗೆ ಒಂದು, ಹೀಗೆ. ನಾನು ರಿವರ್ಸ್ ಪಿನ್ನಿನಿಂದ ವೈರು ಎಳೆದು ಎರಡೂ ಲೈಟಿಗೆ ಕೊಟ್ಟೆ. ಗೇರು ಹಿಂದಕ್ಕೆ ಹಾಕಿದ ತಕ್ಷಣ ಓಣಿಯೆಲ್ಲ ಬೆಳ್ಳಗಾಯಿತು, ಟ್ಯಾಂಕಿನ ಎರಡೂ ಪಕ್ಕದಲ್ಲಿ ಕಂಬಗಳು ಪಕ್ಕದ ಕನ್ನಡಿಗಳೊಳಗೆ ಸಾಲಾಗಿ ಕಂಡವು. ಅಕ್ಕ ಮುಂದಿನ ಸೀಟಿನಲ್ಲಿ ಕುಳಿತು ತಿರುತಿರುಗಿ ನೋಡಿದಳು. ಪಾರ್ಕಿನಲ್ಲಿ ಕೆಲಸಕ್ಕೆ ಬರುವ ಬೇರೆ ಹೆಂಗಸರಿಗೆಲ್ಲ ನನ್ನ ತಮ್ಮ ಮಾಡಿದ್ದು ಎಂದು ತೋರಿಸಿಕೊಂಡು ಬಂದಳು.

ಸುಮಾರು ದಿನ ಚೆನ್ನಾಗಿಯೇ ನಡೆಯಿತು. ನಾವು ತೊಳೆಯುತ್ತಿದ್ದ ಕಡೆ ಓಣಿಗಳು ಗಿಡ್ಡವಾಗಿದ್ದವು, ಲೈಟು ಹತ್ತಿದ ಸ್ವಲ್ಪ ಹೊತ್ತಿಗೇ ಹೊರಬಂದುಬಿಡುತ್ತಿದ್ದೆವು. ಆಮೇಲೆ ನಮ್ಮನ್ನು ಪಾರ್ಕಿನ ತೀರಾ ಹಿಂದಿನ ಮೂಲೆಗೆ ಹಾಕಿದರು. ಅಲ್ಲಿಯ ಓಣಿಗಳು ಉದ್ದ, ತುದಿಯಲ್ಲಿ ತಂತಿಬೇಲಿ.

ಅಲ್ಲಿಗೆ ಹೋದ ಮೊದಲ ಸಂಜೆ ವ್ಯಾನಿನ ಮೂತಿ ಬೇಲಿಗೆ ಮುಟ್ಟುವಷ್ಟು ಹತ್ತಿರ ನಿಂತಿತ್ತು. ಅಕ್ಕ ಕೊನೆಯ ಪ್ಯಾನೆಲ್ಲುಗಳಿಗೆ ನೀರು ಬಿಡುತ್ತಿದ್ದಳು. ಪೈಪು ನೆಲದ ಮೇಲೆ ಬಿದ್ದು ಹೊರಳಾಡುವ ಸದ್ದಾಯಿತು. ಇಳಿದು ಹೋದೆ. ಅವಳು ಕೂಗಿರಲಿಲ್ಲ. ಕಂಬ ಹಿಡಿದುಕೊಂಡು ತನ್ನ ಎಡಗಾಲನ್ನೇ ನೋಡುತ್ತಿದ್ದಳು.

"ಹಾವು ಕಣ್ಲಾ," ಅಂದಳು. "ಕೊಳಕುಮಂಡಲ. ನಾನೇ ನೋಡ್ದೆ."

ಬೆರಳುಗಳ ಹತ್ತಿರ, ಪಾದದ ಮೇಲೆ ಹಲ್ಲಿನ ಗುರುತಿತ್ತು, ಸುತ್ತಲೂ ಆಗಲೇ ಊದಲು ಶುರುವಾಗಿತ್ತು. ಸೆರಗು ಹರಿದು ಕಾಲಿಗೆ ಕಟ್ಟಲು ಹೊರಟವಳನ್ನು ತಡೆದೆ. ಕಟ್ಟಬಾರದು, ಕಾಲು ಅಲ್ಲಾಡಿಸಬಾರದು ಎಂದು ಪಾರ್ಕಿನಲ್ಲೇ ಒಮ್ಮೆ ಹೇಳಿಕೊಟ್ಟಿದ್ದರು. ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದೆ. ಆಂಬುಲೆನ್ಸಿಗೆ ಫೋನು ಮಾಡಿದರೆ ಮೇನ್ ಗೇಟಿಗೆ ಬರುತ್ತೇವೆ ಅಂದರು. ಗೇಟಿನ ವಾಚ್‌ಮನ್ನಿಗೆ ಮಾಡಿದರೆ ಪಾರ್ಕಿನ ಜೀಪು ಪಾವಗಡಕ್ಕೆ ಹೋಗಿದೆ ಅಂದ. ಹೊತ್ತುಕೊಂಡು ನಡೆದರೆ ಗೇಟು ಮುಟ್ಟಲು ಯಾವ ಕಾಲವೋ. ಟ್ರೈಲರನ್ನು ಬಿಚ್ಚಿ ಬಿಡೋಣವೆಂದರೆ ದಾರಿಗೆ ಅಡ್ಡ ನಿಂತಿದ್ದದ್ದೇ ಅದು. ಹಿಮ್ಮುಖವಾಗಿ ಹೋಗುವುದೊಂದೇ ದಾರಿ.

ಗೇರು ಹಾಕಿದೆ, ಲೈಟು ಹತ್ತಿದವು. ಮೈಯೆಲ್ಲ ಕಣ್ಣಾಗಿ ಹಿಂದಕ್ಕೆ ತೆಗೆಯುತ್ತ ಹೋದೆ. ಓಣಿಯ ಅರ್ಧವೂ ಬಂದಿರಲಿಲ್ಲ, ಎರಡೂ ಲೈಟು ಒಟ್ಟಿಗೆ ಆರಿಹೋದವು. ಅವುಗಳ ಜೊತೆ ವ್ಯಾನಿನ ಸ್ವಂತ ರಿವರ್ಸ್ ಲೈಟೂ ಹೋಯಿತು. ಕನ್ನಡಿಯಲ್ಲಿ ಕತ್ತಲು ಬಿಟ್ಟರೆ ಏನೂ ಇಲ್ಲ.

ಕಾಣದೆಯೇ ಹಿಂದಕ್ಕೆ ಒತ್ತಿದೆ. ಟ್ರೈಲರ್ ಸೊಟ್ಟಗಾಯಿತು, ತಗಡು ಕಂಬಕ್ಕೆ ಉಜ್ಜಿತು, ಎಲ್ಲೋ ಗಾಜು ಒಡೆದು ಚೂರು ಉದುರಿದ ಸದ್ದು ಬಂತು. ಮುಂದಕ್ಕೆ ಎಳೆದು ನೇರ ಮಾಡಿಕೊಂಡು ಮತ್ತೆ ಒತ್ತಿದರೆ ಮತ್ತೆ ಕಂಬ. ಅಕ್ಕ ಕಿಟಕಿಯಿಂದಾಚೆ ಉಗುಳಿದಳು. ಬಾಯೆಲ್ಲ ಉಪ್ಪುಪ್ಪು ಅನ್ನುತ್ತಿದೆ ಅಂದಳು. ಫೋನಿನ ಬೆಳಕು ಹಿಡಿದು ನೋಡಿದೆ. ಅವಳ ಹಲ್ಲಿನ ಸಂದಿಯಿಂದ ರಕ್ತ ಬರುತ್ತಿತ್ತು.

"ನನ್ನ ಇಲ್ಲೇ ಬುಟ್ಟು ಓಡೋಗ್ಲಾ," ಅಂದಳು. "ಯಾರ್ನಾರ ಕರ್ಕಂಡು ಬಾ."

ಬಿಟ್ಟು ಹೋಗಿ ಬರುವಷ್ಟರಲ್ಲಿ ಏನಾಗಿರುತ್ತದೋ ಎಂದು ಹೋಗಲಿಲ್ಲ, ಗಾಡಿಯಿಂದ ಇಳಿದೆ. ಅಷ್ಟು ಹೊತ್ತು ಎರಡು ಲಾರಿ ಲೈಟಿನ ಭಾರ ಹೊತ್ತು ರಿವರ್ಸಿನ ಫ್ಯೂಸು ಸುಟ್ಟುಹೋಗಿದೆ ಎಂದು ಗೊತ್ತಿತ್ತು. ಬೇರೆ ಫ್ಯೂಸು ಇರಲಿಲ್ಲ. ಸುಟ್ಟ ಫ್ಯೂಸಿಗೆ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತಿದರೆ ಲೈಟು ಹತ್ತುತ್ತದೆ ಎಂದು ಡ್ರೈವರುಗಳು ಹೇಳುತ್ತಾರೆ, ಹಾಗೆ ಮಾಡಿ ವೈರು ಹೊತ್ತಿಕೊಂಡ ಟೆಂಪೋವನ್ನೂ ನೋಡಿದ್ದೆ. ಅಕ್ಕ ಒಳಗೆ ಕೂತಿರುವಾಗ ಆ ಕೆಲಸಕ್ಕೆ ಕೈ ಬರಲಿಲ್ಲ. ಕೊಕ್ಕೆಯ ಹತ್ತಿರ ಮೊಣಕಾಲೂರಿ ಫೋನನ್ನು ಬಾಯಲ್ಲಿ ಕಚ್ಚಿಕೊಂಡೆ. ಟ್ರೈಲರಿನ ಪಾರ್ಕಿಂಗ್ ಲೈಟು ಇನ್ನೂ ಕೆಂಪಗೆ ಉರಿಯುತ್ತಿತ್ತು. ಹಾಗಾದರೆ ಆ ಪಿನ್ನಿನಲ್ಲಿ ಕರೆಂಟು ಇದೆ, ಅದರ ಫ್ಯೂಸು ಬೇರೆ. ಸಾಕೆಟ್ಟು ಬಿಚ್ಚಿ ರಿವರ್ಸ್ ಪಿನ್ನಿನಿಂದ ನನ್ನ ವೈರನ್ನು ಕಿತ್ತೆ. ಎರಡು ಲೈಟಿನ ಭಾರವನ್ನು ಇದೂ ತಡೆಯದಿದ್ದರೆ ಕೆಟ್ಟೆವು ಎಂದು ಹಿಂದಕ್ಕೆ ಓಡಿ ಒಂದು ಲೈಟಿನ ವೈರನ್ನು ಹಲ್ಲಿನಿಂದಲೇ ಕಡಿದು ಹಾಕಿದೆ. ಮತ್ತೆ ಮುಂದೆ ಬಂದು ವೈರನ್ನು ಪಾರ್ಕಿಂಗ್ ಪಿನ್ನಿಗೆ ಸುತ್ತಬೇಕು. ಬೆರಳು ಒದ್ದೆ, ಸುತ್ತಿದ್ದು ಜಾರಿ ಜಾರಿ ಬಿಚ್ಚಿಕೊಳ್ಳುತ್ತಿತ್ತು. ಒಳಗಿನಿಂದ ಅಕ್ಕ ತೆಲುಗಿನಲ್ಲಿ ಏನೋ ಒಂದೇ ಸಮನೆ ಹೇಳಿಕೊಳ್ಳುತ್ತಿದ್ದಳು. ಭಾವನ ಜೊತೆ ಮಾತಾಡುತ್ತಿದ್ದಳೋ ಏನೋ. ಆ ದನಿ ನಿಲ್ಲದಿರಲಿ ಎಂದು ಬೇಡಿಕೊಳ್ಳುತ್ತ ಸುತ್ತಿದೆ.

ಕೊನೆಗೆ ಒಂದು ಲೈಟು ಹತ್ತಿತು. ಒಂದೇ ಪಕ್ಕದ ಕಂಬ ಕಾಣುತ್ತಿತ್ತು. ಆ ಒಂದು ಪಕ್ಕಕ್ಕೆ ಅಂಟಿಕೊಂಡು ಆಮೆಯ ಹಾಗೆ ಹಿಂದೆ ಹಿಂದೆ ಬಂದೆ. ಓಣಿ ದಾಟಿ ದೊಡ್ಡ ದಾರಿ ಸಿಕ್ಕಿದ ಕೂಡಲೇ ಟ್ರೈಲರನ್ನು ಕಳಚಿ ಅಲ್ಲೇ ಬಿಟ್ಟು ಗೇಟಿನವರೆಗೆ ಹೇಗೆ ಓಡಿಸಿದೆನೋ ಈಗ ನೆನಪಿಲ್ಲ. ಆಂಬುಲೆನ್ಸು ಬಂದು ಕಾಯುತ್ತಿತ್ತು.

ಪಾವಗಡದ ಆಸ್ಪತ್ರೆಯಲ್ಲಿ ನರ್ಸಮ್ಮ ಅಕ್ಕನ ರಕ್ತವನ್ನು ಒಂದು ಗಾಜಿನ ಕೊಳವೆಗೆ ಹಾಕಿ ಅಲ್ಲಾಡದಂತೆ ನಿಲ್ಲಿಸಿದರು. ಹೆಪ್ಪುಗಟ್ಟಿದರೆ ಒಳ್ಳೆಯದು ಅಂದರು. ನಾನು ಅದರ ಎದುರಿಗೇ ಕುಳಿತಿದ್ದೆ. ಅವರು ಬಂದು ವಾಲಿಸಿದಾಗ ನೀರಿನ ಹಾಗೆ ಹರಿಯಿತು. ವಿಷಕ್ಕೆ ಔಷಧಿ ಏರಿಸಿದರು, ಮತ್ತೆ ಕೊಳವೆ, ಮತ್ತೆ ಹರಿಯಿತು. ಇನ್ನಷ್ಟು ಔಷಧಿ ಏರಿಸಿ ತುಮಕೂರಿಗೆ ಕಳಿಸಿದರು. ಮಧುಗಿರಿ ದಾಟಿದ್ದು, ಕೊರಟಗೆರೆ ದಾಟಿದ್ದು ಎಲ್ಲವನ್ನೂ ಅಕ್ಕನ ಮುಖ ನೋಡುತ್ತಲೇ ದಾಟಿದೆ.

ರಕ್ತ ಹೆಪ್ಪುಗಟ್ಟಲು ಶುರುವಾಯಿತು ಎಂದು ತುಮಕೂರಿನಲ್ಲಿ ಹೇಳಿದಾಗ ಗೆದ್ದೆವು ಅಂದುಕೊಂಡೆ. ಅಷ್ಟರಲ್ಲಿ ಅವಳ ಮೂತ್ರ ನಿಂತುಹೋಯಿತು. ವಿಷ ಕಿಡ್ನಿಗೆ ಹೊಡೆದಿತ್ತು. ಮುಖ ಊದಿ ಅಕ್ಕ ಬೇರೆ ಯಾರೋ ಆಗಿಬಿಟ್ಟಳು. ಒಂದು ದಿನ ಬಿಟ್ಟು ಒಂದು ದಿನ ಡಯಾಲಿಸಿಸ್. ಮೂತ್ರ ಹಿಡಿಯಲು ಮಂಚದ ಪಕ್ಕಕ್ಕೆ ನೇತುಹಾಕಿದ ಪ್ಲಾಸ್ಟಿಕ್ ಚೀಲಕ್ಕೆ ಒಂದು ಹನಿಯಾದರೂ ಬಿದ್ದಿದೆಯೇ ಎಂದು ನಾನು ಬಗ್ಗಿ ಬಗ್ಗಿ ನೋಡುವುದು. ಡಾಕ್ಟರು ಬಂದಾಗಲೂ ಮೊದಲು ನೋಡುತ್ತಿದ್ದುದು ಆ ಚೀಲವನ್ನೇ. ಆಮೇಲೆ ಮುಂದಿನ ಮಂಚಕ್ಕೆ ಹೋಗುತ್ತಿದ್ದರು. ಅಕ್ಕನಿಗೆ ಎಚ್ಚರವಿದ್ದಾಗ ನನ್ನನ್ನು ಕೇಳುತ್ತಿದ್ದುದು ಒಂದೇ.

"ಬಂತೇನ್ಲಾ?"

ಬರುತ್ತದೆ ಅನ್ನುತ್ತಿದ್ದೆ. ವರಾಂಡಾಕ್ಕೆ ಹೋಗಿ ಗೋಡೆಗೆ ಹಣೆ ಒತ್ತಿ ನಿಲ್ಲುತ್ತಿದ್ದೆ.

ನಡುವೆ ಗುತ್ತಿಗೆದಾರ ಗಾಡಿ ತೆಗೆಯಲು ಹೇಳಿಕಳಿಸಿದ. ಒಂದು ದಿನದ ಮಟ್ಟಿಗೆ ಹೋಗಿ ವ್ಯಾನನ್ನೂ ಟ್ರೈಲರನ್ನೂ ಸಿರಾಕ್ಕೆ ಎಳೆದುಕೊಂಡು ಹೋದೆ. ಅಲ್ಲಿ ಗಾಡಿ ವೈರಿಂಗ್ ಮಾಡುವ ಸಾಬರು ನಾನು ಸುತ್ತಿದ್ದ ವೈರನ್ನು ನೋಡಿ ಏನಾಯಿತು ಎಂದು ಕೇಳಿದರು. ಹಾವು ಕಚ್ಚಿದ್ದರಿಂದ ಹಿಡಿದು ಎಲ್ಲ ಹೇಳಿದೆ. ಅವರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಚಹಾ ತರಿಸಿದರು. ಆಮೇಲೆ ಬ್ಯಾಟರಿಯಿಂದ ನೇರವಾಗಿ ದಪ್ಪ ವೈರು ಎಳೆದು, ಅದಕ್ಕೇ ಬೇರೆ ಫ್ಯೂಸು ಹಾಕಿ, ಮಧ್ಯೆ ಒಂದು ರಿಲೇ, ಅಂದರೆ ಕರೆಂಟು ಮುಟ್ಟಿದರೆ ತಾನೇ ಹತ್ತುವ ಸ್ವಿಚ್ಚು, ಕೂರಿಸಿದರು. ಸಾಕೆಟ್ಟಿನ ರಿವರ್ಸ್ ಪಿನ್ನು ಇನ್ನು ಆ ರಿಲೇಯನ್ನು ಎಬ್ಬಿಸುವ ಕೆಲಸ ಮಾತ್ರ ಮಾಡುತ್ತದೆ, ಲೈಟಿನ ಭಾರವೆಲ್ಲ ಬ್ಯಾಟರಿಯ ವೈರಿನ ಮೇಲೆ ಅಂದರು. ಸರಿ ಅಂದೆ. ನನ್ನ ಮನಸ್ಸು ಆ ಚೀಲದ ಹತ್ತಿರವೇ ಇತ್ತು.

ತುಮಕೂರಿಗೆ ವಾಪಸ್ಸಾದಾಗ ಚೀಲದ ತಳದಲ್ಲಿ ಒಂದಿಷ್ಟು ಕಂದುಬಣ್ಣದ ನೀರಿತ್ತು. ನರ್ಸನ್ನು ಕರೆದು ತೋರಿಸಿದೆ, ನಿಜವಾಗಿಯೂ ಅದೇ ಹೌದಾ ಎಂದು ಕೇಳಿದೆ. ಅಲ್ಲಿಂದ ಮೆಲ್ಲಗೆ ಏರುತ್ತ ಬಂತು. ಕಾಲಿನ ಗಾಯ ಮಾತ್ರ ಕೊಳೆತು ಎರಡು ಬೆರಳು ತೆಗೆಯಬೇಕಾಯಿತು.

ಮನೆಗೆ ಕರೆತರುವ ದಿನ ವ್ಯಾನಿನಲ್ಲೇ ಬಂದೆವು. ಮಧುಗಿರಿ ಬೆಟ್ಟ ಹಿಂದಕ್ಕೆ ಸರಿದ ಮೇಲೆ, ಬಯಲು ದಾರಿಯಲ್ಲಿ, ಗಾಡಿ ನಿಲ್ಲಿಸು ಅಂದಳು. ಏನೋ ಆಯಿತೆಂದು ಹೆದರಿ ಬ್ರೇಕು ಹಾಕಿದೆ. ಒಂದಕ್ಕೆ ಹೋಗಬೇಕು ಅಂದಳು. ಬೇಲಿಯ ಮರೆಯವರೆಗೆ ರಟ್ಟೆ ಹಿಡಿದು ನಡೆಸಿಕೊಂಡು ಹೋಗಿ, ಬೆನ್ನು ತಿರುಗಿಸಿ ನಿಂತೆ. ಹಾವಿನ ಭಯಕ್ಕೆ ನೆಲವನ್ನೆಲ್ಲ ಕೋಲಿನಿಂದ ಬಡಿದಿದ್ದೆ. ಹಿಂದೆ ಒಣ ನೆಲದ ಮೇಲೆ ನೀರು ಬೀಳುವ ಸದ್ದು ಬಂತು. ನಾನು ಅಳುತ್ತಿದ್ದದ್ದು ಅವಳಿಗೆ ಹೇಗೋ ಗೊತ್ತಾಯಿತು.

"ಸುಮ್ಕಿರ್ಲಾ," ಅಂದಳು. "ಯಾರಾನ ನೋಡಿದ್ರೆ ಏನನ್ಕಂಡಾರು."