ಗುರುಗಳ ಹೆಸರು ಮೊದಲಿಗೆ

ಮುಂಬಯಿಯ ದಾದರಿನ ಒಂದು ಸಂಶೋಧನಾ ಪತ್ರಿಕೆಯಲ್ಲಿ ನನಗೆ ಕೆಲಸ. ಲೇಖನದ ಮೇಲೆ ಹೆಸರಿರುವ ಪ್ರತಿಯೊಬ್ಬರೂ 'ಇದರಲ್ಲಿ ನನ್ನ ಕೆಲಸವೂ ಇದೆ' ಎಂದು ಒಪ್ಪಿಕೊಳ್ಳದೆ ನಾವು ಅಚ್ಚು ಹಾಕುವುದಿಲ್ಲ. ಒಂದು ಲೇಖನಕ್ಕೆ ಸಂಶೋಧನಾ ವಿದ್ಯಾರ್ಥಿಯೊಬ್ಬ ತನ್ನ ಗುರುಗಳ ಹೆಸರನ್ನೇ ಮೊದಲು ಹಾಕಿದ್ದ. ಗುರುಗಳು ಮಾತ್ರ ನಮ್ಮ ಮೇಲ್‌ಗಳಿಗೆ ಉತ್ತರಿಸಲೇ ಇಲ್ಲ. ಸಂಪಾದಕರು ನನ್ನನ್ನು ದಹಿಸರ್‌ನಲ್ಲಿರುವ ಅವರ ಮನೆಗೇ ಅಟ್ಟಿದರು.

ಅಷ್ಟು ದೊಡ್ಡ ಪ್ರೊಫೆಸರರನ್ನು "ಇದು ನೀವು ಬರೆದದ್ದಾ?" ಎಂದು ಕೇಳುವುದು ಹೇಗೆ? ಅವರು ಸಿಟ್ಟಾಗಿ ದೂರು ಕೊಟ್ಟರೆ ಶಿಷ್ಯನ ಲೇಖನವೇ ಹೋದಂತೆ. ಲೋಕಲ್ ರೈಲಿನಲ್ಲಿ ದಾರಿಯುದ್ದಕ್ಕೂ ಕೇಳಬೇಕಾದ ಮಾತನ್ನೇ ಜೋಡಿಸುತ್ತಾ ಕೂತೆ.

ಪ್ರೊಫೆಸರರು ಕನ್ನಡಕ ಏರಿಸಿ ನಾನು ಕೊಟ್ಟ ಲೇಖನದ ಮೊದಲ ಪುಟ ನೋಡಿದರು. "ಇದು ನನ್ನದಲ್ಲ ಮಾರಾಯ್ತಿ. ಇವತ್ತೇ ನೋಡುವುದು."

"ಗೌರವಕ್ಕೆ ಹಾಕಿದ್ದಂತೆ ಸರ್."

"ಗೌರವ ಇದ್ದರೆ ಮನೆಗೆ ಬಂದು ಕಾಲಿಗೆ ಬೀಳಲಿ. ನನ್ನ ಹೆಸರು ತೆಗೆದುಬಿಡು, ಅವನದ್ದೊಂದೇ ಸಾಕು." ಹಾಗೆಂದೇ ಬರೆದು ಸಹಿಯನ್ನೂ ಹಾಕಿಕೊಟ್ಟರು. ನನಗೆ ಹೋದ ಜೀವ ಬಂದಂತಾಯಿತು.

ಚಪ್ಪಲಿ ಮೆಟ್ಟುತ್ತಿರುವಾಗ ಹಿಂದಿನಿಂದ ಮೆಲ್ಲಗೆ ಕೇಳಿದರು: "ಅಲ್ಲ, ಲೇಖನ ಹೇಗಿದೆಯಂತೆ?"

"ಪರಿಶೀಲಿಸಿದವರೆಲ್ಲ ತುಂಬಾ ಹೊಗಳಿದ್ದಾರೆ ಸರ್."

"ಛೆ! ಅದನ್ನು ಮೊದಲೇ ಹೇಳಬಾರದಿತ್ತಾ?"

ನಾನು ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದೆ.