ಹಳೇ ಕೋರ್ಟಿನಲ್ಲಿ ಹೊರೆ ಎತ್ತಿಸಿದವರು

ದೆವ್ವ, ಗಾಳಿ, ಸತ್ತವರು ತಿರುಗಿ ಬರುವುದು, ಇಂಥ ಮಾತುಗಳನ್ನು ನಾನು ಎಂದೂ ನಂಬಿದವಳಲ್ಲ. ಪುಣೆಗೆ ಬಂದ ಮೇಲೆ ನಾನು ಮಲಗಿದಷ್ಟು ಖಾಲಿ ಕಟ್ಟಡಗಳಲ್ಲಿ ಯಾರೂ ಮಲಗಿರಲಿಕ್ಕಿಲ್ಲ. ಬಾಗಿಲು ಕೂರಿಸದ, ಕಿಟಕಿ ಇಲ್ಲದ, ಸ್ಲ್ಯಾಬಿನಿಂದ ಇನ್ನೂ ನೀರು ತೊಟ್ಟಿಕ್ಕುವ ಮನೆಗಳು. ಕಟ್ಟುವವರು ನಾವೇ, ಮುಗಿಯುವವರೆಗೆ ಅದರಲ್ಲಿ ಇರುವವರೂ ನಾವೇ. ಜೊತೆಯ ಹೆಂಗಸರು, ಮೂರನೇ ಮಾಳಿಗೆಯಲ್ಲಿ ರಾತ್ರಿ ಯಾರೋ ಅತ್ತರು ಎಂದರೆ ನಾನು, “ಅಳ್ಳಿ ಬಿಡ್ರೆ, ಬಾಡಗಿ ಕೇಳ್ರಿ ಅಕೀಗೆ” ಎಂದು ನಗುತ್ತಿದ್ದೆ. ಈಗ ಹಾಗೆ ನಗುವುದಿಲ್ಲ. ನಂಬುತ್ತೇನೆ ಎಂದೂ ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನೀವೇ ನೋಡಿಕೊಳ್ಳಿ.

ಇದನ್ನು ಬರೆಯಲು ಕೂತದ್ದು ಹೆದರಿಕೆಯಿಂದಲ್ಲ, ಸಂತೋಷದಿಂದ. ಹದಿನೈದು ದಿನದ ಹಿಂದೆ ನಮ್ಮ ಮನೆಯಲ್ಲಿ ಮೊಮ್ಮಗಳು ಹುಟ್ಟಿದ್ದಾಳೆ. ಮಗನ ಮೊದಲ ಕೂಸು. ಹಡಪಸರದ ನಮ್ಮ ಓಣಿಯಲ್ಲಿ ಪೇಡೆ ಮುಟ್ಟದ ಮನೆ ಉಳಿದಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಟಿಕೇಟಿಗೆ ಕೈ ಚಾಚಿದರೆ ಅವನ ಕೈಗೂ ಒಂದು ಪೇಡೆ ಇಟ್ಟೆ, ಟಿಕೇಟಿನ ನೆನಪು ಆಮೇಲೆ ಬಂತು. ನಾನು ಊರಲ್ಲಿ ಮೂರನೇ ಇಯತ್ತೆವರೆಗೆ ಕಲಿತವಳು, ಅಕ್ಷರ ತಪ್ಪಿದಲ್ಲಿ ತಿದ್ದಿ ಓದಿಕೊಳ್ಳಿ. ಎದೆ ಇಷ್ಟು ತುಂಬಿದಾಗ ತಳದಲ್ಲಿ ಕೂತದ್ದೂ ಮೇಲೆ ಬರುತ್ತದೆ. ಹತ್ತು ವರ್ಷ ಇದನ್ನು ನಾನು ಒಬ್ಬರಿಗೆ ಬಿಟ್ಟು ಬೇರೆ ಯಾರಿಗೂ ಹೇಳಿಲ್ಲ.

ನಾವು ಕಲಬುರ್ಗಿ ಕಡೆಯವರು. ನಮ್ಮ ಯಜಮಾನರು ಗೌಂಡಿ ಕೆಲಸದವರು. ಅವರ ಕಾಕಾನ ಮಗ ಹಣಮಂತಣ್ಣ, ಅವನೂ ಗೌಂಡಿ. ಅವನಿಗೆ ಮದುವೆ ಆಗಿರಲಿಲ್ಲ, ನಮ್ಮ ಒಲೆಯಲ್ಲೇ ಅವನ ರೊಟ್ಟಿಯೂ ಬೇಯುತ್ತಿತ್ತು. ಇಬ್ಬರೂ ಒಂದೇ ಗೋಡೆಯ ಎರಡು ತುದಿಯಿಂದ ಕಟ್ಟುತ್ತ ಬಂದು ನಡುವೆ ಕೂಡುತ್ತಿದ್ದರು. ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ. ಒಂದು ಕಾರ್ಖಾನೆಯ ಗೋಡೆ ಏಳುತ್ತಿತ್ತು. ಗೋಡೆಗೆ ಬೊಂಬು ಕಟ್ಟಿ ಹಲಗೆ ಹಾಸಿದ್ದರು, ಅದಕ್ಕೆ ಇಲ್ಲಿ ಪರಾಂಚಿ ಅನ್ನುತ್ತಾರೆ. ಒಂದು ಮುಂಜಾನೆ ನಮ್ಮ ಯಜಮಾನರು ಅದರ ಒಂದು ಕಡೆಯ ಹಗ್ಗ ಬಿಚ್ಚಿಕೊಂಡು ಬೇರೆ ಕಡೆ ಕಟ್ಟಲು ಒಯ್ದರು. ಹಗ್ಗ ಕಡಿಮೆ ಇದ್ದಾಗ ಎಲ್ಲರೂ ಹಾಗೇ ಮಾಡುತ್ತಿದ್ದರು, ಬಿಚ್ಚಿದವರು ಕೂಗಿ ಹೇಳಬೇಕು, ಅಷ್ಟೇ. ಹಣಮಂತಣ್ಣ ಮೇಲೆ ಹತ್ತಿದ. ಹಲಗೆ ಸಮೇತ ಕೆಳಗೆ ಬಂದ. ದವಾಖಾನೆಯಲ್ಲಿ ಒಂದು ದಿನ ಜೀವ ಹಿಡಿದಿದ್ದು ಹೋದ. ಪೊಲೀಸರು ನಮ್ಮವರನ್ನು ಕರೆದೊಯ್ದರು.

ಒಂದು ಮಾತು ಇಲ್ಲಿ ಹೇಳಲೇಬೇಕು. ಅದಕ್ಕೂ ಮುಂಚೆ ಎರಡು ದಿನದಿಂದ ಅವರಿಬ್ಬರೂ ಮಾತು ಬಿಟ್ಟಿದ್ದರು. ಒಂದೇ ಒಲೆಯ ಮುಂದೆ ಒಬ್ಬರಿಗೊಬ್ಬರು ಬೆನ್ನು ಮಾಡಿ ಉಂಡರು. “ಏನಾತ್ರಿ ನಿಮಗ?” ಎಂದು ಕೇಳಿದರೆ ಇಬ್ಬರೂ ಬಾಯಿ ಬಿಡಲಿಲ್ಲ. ನಮ್ಮವರು ಆ ದಿನ ಕೂಗಿ ಹೇಳಿದ್ದರೇ, ಇಲ್ಲವೇ? ಮರೆತರೇ, ಬೇಕೆಂದೇ ಸುಮ್ಮನಿದ್ದರೇ? ಯಾವಾಗ ಬಿಡುತ್ತಾರೆ ಎಂದು ನಾನು ಕಂಡಕಂಡವರನ್ನೆಲ್ಲ ಕೇಳುತ್ತಿದ್ದೆ. ಇದನ್ನು ಮಾತ್ರ ಯಾರನ್ನೂ ಕೇಳಲಿಲ್ಲ, ಅವರನ್ನೂ ಕೇಳಲಿಲ್ಲ.

ಜಾಮೀನು ಕೊಡುವವರು ನಮಗೆ ಯಾರೂ ಇರಲಿಲ್ಲ. ಕೇಸು ಪೇಟೆಯೊಳಗಿನ ಹಳೇ ಕೋರ್ಟಿನಲ್ಲಿತ್ತು. ಅದು ಹಿಂದೆ ಯಾವನೋ ಸರದಾರನ ವಾಡೆಯಂತೆ. ದೊಡ್ಡ ಬಾಗಿಲು, ಕಲ್ಲಿನ ಅಂಗಳ, ಮೇಲೆ ಕಟ್ಟಿಗೆಯ ಮಾಳಿಗೆ. ಇಪ್ಪತ್ತೆರಡು ಮೆಟ್ಟಿಲು, ಪ್ರತಿಯೊಂದೂ ನಡುವೆ ಸವೆದು ತೊಟ್ಟಿಲಿನ ಹಾಗೆ ತಗ್ಗಾಗಿತ್ತು. ಸರದಾರ ಕೂರುತ್ತಿದ್ದ ಜಾಗದಲ್ಲಿ ಈಗ ಜಡ್ಜ್ ಸಾಹೇಬರು ಕೂರುತ್ತಿದ್ದರು, ತೊಲೆಯ ಮೇಲೆ ಪಾರಿವಾಳ ಕೂರುತ್ತಿದ್ದವು. ಸಿಪಾಯಿ ಮಾಳಿಗೆಯ ಕಟಕಟೆಗೆ ಒರಗಿ ಅಂಗಳಕ್ಕೆ ಹೆಸರು ಕೂಗುತ್ತಿದ್ದ. ಬಿಸಿಲಲ್ಲಿ ಕೂತ ಜನ ಆ ಹೆಸರನ್ನು ಬಾಯಿಂದ ಬಾಯಿಗೆ ದಾಟಿಸುತ್ತಿದ್ದರು. ಆಮೇಲೆ ನದಿಯ ಆಚೆ ಹೊಸ ಕೋರ್ಟು ತಯಾರಾಯಿತು. ಸಿಮೆಂಟಿನದು, ನೆಟ್ಟಗೆ, ಕೋಣೆಕೋಣೆಗೂ ನಂಬರು. ಸಾಹೇಬರು, ವಕೀಲರು ಅಲ್ಲಿಗೆ ಹೋದರು. ಕಾಗದ ಅರ್ಧ ಅಲ್ಲಿ, ಅರ್ಧ ಇಲ್ಲಿ. ನಮ್ಮವರನ್ನು ಜೈಲಿನ ಗಾಡಿಯಲ್ಲಿ ತರುವುದು, “ಕಾಗದ ಸಿಕ್ಕಿಲ್ಲ” ಅನ್ನುವುದು, ಮುಂದಿನ ತಾರೀಖು ಕೊಡುವುದು, ತಿರುಗಿ ಒಯ್ಯುವುದು. ಹೀಗೇ ತಿಂಗಳುಗಳು ಹೋದವು.

ಮಳೆಗಾಲದಲ್ಲಿ ಹಳೇ ಕೋರ್ಟಿನಿಂದ ಉಳಿದ ಕಾಗದ ಸಾಗಿಸಲು ಹೆಣ್ಣಾಳು ಬೇಕು ಎಂದು ಗೊತ್ತಾಯಿತು. ನಾನು ಹೋಗಿ ಸೇರಿಕೊಂಡೆ. ಗಂಡನ ಕೇಸು ಇದೇ ಕೋರ್ಟಿನದು ಎಂದು ಹೇಳಲಿಲ್ಲ. ಹೇಳಿದ್ದರೆ ಒಳಗೆ ಬಿಡುತ್ತಿದ್ದರೇ? ಕಾಗದವನ್ನೆಲ್ಲ ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿಟ್ಟಿದ್ದರು, ಅದಕ್ಕೆ ಬಸ್ತಾ ಅಂತಾರೆ. ತಲೆ ಮೇಲೆ ಹೊತ್ತು ಅಂಗಳದ ಲಾರಿಗೆ ಹಾಕುವುದು ನಮ್ಮ ಕೆಲಸ. ಗಂಟಿನ ಮೇಲೆ ಏನು ಬರೆದಿದೆ ಎಂದು ನಾನು ಕದ್ದು ನೋಡುತ್ತಿದ್ದೆ. ಎಲ್ಲ ಮರಾಠಿ, ಎಲ್ಲ ಒಂದೇ ಥರ.

ಹೊರೆ ಹೊರುವವರಿಗೆ ಗೊತ್ತು, ಹೊತ್ತು ನಡೆಯುವುದು ಕಷ್ಟವಲ್ಲ. ಕೂತವಳ ತಲೆಯ ಸಿಂಬಿಯ ಮೇಲೆ ಇನ್ನೊಬ್ಬರು ಎತ್ತಿ ಇಡಬೇಕು. ಒಬ್ಬಳೇ ಎತ್ತಿಕೊಳ್ಳಲು ಹೋದರೆ ಕುತ್ತಿಗೆ ಹೋಗುತ್ತದೆ. ನನಗೆ ಜೋಡಿಯಾಗಿ ಶಾಂತವ್ವ ಎಂಬುವಳಿದ್ದಳು. ಬಾಯಿ ಜೋರು, ಕೈಯೂ ಜೋರು. ಕೋಣೆಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಒಬ್ಬ ಮುದಿ ಕಾರಕೂನರು ಕೂತು ಹೊರಗೆ ಬಂದ ಪ್ರತಿ ಗಂಟಿನ ನಂಬರು ಬರೆದುಕೊಳ್ಳುತ್ತಿದ್ದರು. ಸೊಲ್ಲಾಪುರದವರು, ನಮ್ಮ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದರು.

ನಾಲ್ಕನೇ ದಿನ. ರಾತ್ರಿಯಲ್ಲ, ಮಧ್ಯಾಹ್ನ. ಆದರೆ ಮೋಡ ಕವಿದು ಕೋಣೆಯಲ್ಲಿ ಮುಸ್ಸಂಜೆಯ ಹಾಗಾಗಿತ್ತು. ಹಿಂದಿನ ಕೊನೆಯ ಕೋಣೆ, ಅದಕ್ಕೆ ಒಂದೇ ಬಾಗಿಲು, ಕಿಟಕಿ ಇಲ್ಲ. ಶಾಂತವ್ವ ನೀರು ಕುಡಿದು ಬರುತ್ತೇನೆಂದು ಇಳಿದು ಹೋದಳು. ಮೂಲೆಯಲ್ಲಿ ಒಂದು ದೊಡ್ಡ ಗಂಟಿತ್ತು, ಮಾಳಿಗೆ ಸೋರಿ ಪೂರ್ತಿ ತೊಯ್ದಿತ್ತು. ಎಳೆದು ನಡುವೆ ತರುವಷ್ಟರಲ್ಲಿ ನನ್ನ ಉಸಿರು ಹೋಯಿತು. ಬಾಗಿಲಿಗೆ ಮುಖ ಮಾಡಿ ಕುಕ್ಕರಗಾಲಲ್ಲಿ ಕೂತೆ, ಸಿಂಬಿ ಇಟ್ಟುಕೊಂಡೆ, “ಶಾಂತವ್ವಾ, ಲಗೂ ಬಾರ, ಎತ್ತಸ ಬಾ” ಎಂದು ಕೂಗಿದೆ.

ಹಿಂದೆ ಹೆಜ್ಜೆ ಸಪ್ಪಳವಾಯಿತು. ಬರಿಗಾಲಿನದು. ಗಂಟು ನೆಲದಿಂದ ಎದ್ದಿತು, ನನ್ನ ತಲೆ ಮೇಲೆ ಕೂತಿತು. ಕೂತ ಮೇಲೆ ಅದನ್ನು ಎಡಕ್ಕೆ ಒಂದಿಷ್ಟು ತಿರುಗಿಸಿದರು. ಆಮೇಲೆ ಮುಷ್ಟಿಯಿಂದ ಎರಡು ಸಲ ಗುದ್ದಿದರು, ಟಕ್ ಟಕ್ ಎಂದು, ಇನ್ನು ಏಳು ಎಂಬ ಹಾಗೆ. ನಾನು ಎದ್ದು ನಡೆದೆ. ಕಾರಕೂನರ ಮುಂದೆ ಹಾದು, ಮೆಟ್ಟಿಲು ಇಳಿಯತೊಡಗಿದೆ. ಅರ್ಧ ಇಳಿದ ಮೇಲೆ ನೆನಪಾಯಿತು. ಎಡಕ್ಕೆ ತಿರುಗಿಸಿ ಎರಡು ಗುದ್ದು ಹಾಕುವ ರೂಢಿ ಶಾಂತವ್ವನದಲ್ಲ. ಇಟ್ಟಂಗಿ ಇರಲಿ, ಉಸುಕು ಇರಲಿ, ನನಗೆ ಹಾಗೆ ಎತ್ತಿಸುತ್ತಿದ್ದವನು ಹಣಮಂತಣ್ಣ ಒಬ್ಬನೇ.

ಅಂಗಳದಲ್ಲಿ ಶಾಂತವ್ವ ನಳದ ಹತ್ತಿರ ಕಾಲು ಚಾಚಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ನನ್ನ ನೋಡಿ, “ಯವ್ವಾ, ಏನ ಅವಸರ ನಿಂದು! ಕೋರ್ಟ ಏನ ಓಡಿ ಹೊಂಟೈತೇನ? ಯಾರ ಎತ್ತಸಿದ್ರ ಅದನ್ನ?” ಎಂದಳು. ನಾನು ಲಾರಿಯ ಕಡೆ ನಡೆದೆ. ಲಾರಿಯ ಮೇಲಿದ್ದ ಇಬ್ಬರು ಗಂಡಸರು ಸೇರಿ ಆ ಗಂಟನ್ನು ಇಳಿಸಿಕೊಂಡರು. ಇದರಲ್ಲಿ ಕಲ್ಲು ತುಂಬೀಯೇನು ಎಂದು ಬೈದರು. ತಿರುಗಿ ಮೇಲೆ ಹೋಗಿ ಕಾರಕೂನರನ್ನು ಕೇಳಿದೆ, “ಸಾಹೇಬ್ರ, ಈಗ ಒಳಗ ಯಾರ ಬಂದಿದ್ರಿ?”

“ಯಾರ್ ಬರ್ತಾರ? ನೀ ಒಬ್ಬಾಕಿನ ಇದ್ದಿ. ಯಾಕ, ಇಲಿ ಕಂಡಿತೇನ?” ಎಂದು ಅವರು ಕಾಗದದಿಂದ ಕಣ್ಣೆತ್ತದೆ ಅಂದರು.

ಒಳಗೆ ಹೋಗಿ ನೋಡಿದೆ. ಗಂಟು ಎಳೆದ ನೀರಿನ ಗೆರೆ ನೆಲದ ಮೇಲಿತ್ತು. ನನ್ನ ಒದ್ದೆ ಹೆಜ್ಜೆ ಇದ್ದವು. ಬೇರೆ ಹೆಜ್ಜೆ ಇರಲಿಲ್ಲ. ಆ ದಿನ ಮುಂದೆ ಹೊತ್ತ ಗಂಟುಗಳು ಒಂದೂ ನೆನಪಿಲ್ಲ.

(ಕೂಸು ಎದ್ದು ಅತ್ತಿತು. ಹೋಗಿ ಎತ್ತಿಕೊಂಡು ಬಂದೆ. ಎಷ್ಟು ಹಗುರ ಅನ್ನುತ್ತೀರಿ! ಜೀವಮಾನವಿಡೀ ಭಾರ ಹೊತ್ತ ಕೈಗೆ ಇದು ತೂಕವೇ ಅನ್ನಿಸುವುದಿಲ್ಲ. ನನ್ನ ಸೊಸೆ, “ಅತ್ತಿ, ಮಲಗಿದ್ದನ್ನ ನೀವ ಎಬ್ಬಸ್ತೀರಿ, ಆಮ್ಯಾಲ ಅಳ್ತೈತಿ ಅಂತೀರಿ” ಎಂದು ನಗುತ್ತಾಳೆ. ನಿಜವೇ ಇರಬೇಕು. ಮುಂದೆ ಬರೆಯುತ್ತೇನೆ.)

ತೊಯ್ದ ಗಂಟು ಎಂದು ಹೊಸ ಕೋರ್ಟಿನಲ್ಲಿ ಅದನ್ನೇ ಮೊದಲು ಬಿಚ್ಚಿ ಕಾಗದ ಹರವಿದರಂತೆ. ಮುಂದಿನ ತಾರೀಖಿಗೆ ನಾನು ಹೋದಾಗ ನಮ್ಮವರ ಕಾಗದ ಸಾಹೇಬರ ಮೇಜಿನ ಮೇಲಿತ್ತು, ಅಂಚೆಲ್ಲ ನೀರು ಕುಡಿದು ಉಬ್ಬಿತ್ತು. ಕಾರಕೂನರು ನನ್ನನ್ನು ಗುರುತು ಹಿಡಿದು, “ಇವನ ಹೇಣ್ತೇನ ನೀನು? ಮೊದಲ ಹೇಳಬಾರ್ದಿತ್ತೇನ? ಆ ತೊಯ್ದ ಬಸ್ತಾದಾಗ ಇತ್ತು ನೋಡು” ಎಂದರು.

ಹೊಸ ಕೋರ್ಟಿನಲ್ಲಿ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ನಮ್ಮವರು ನಿಂತ ಕಟಕಟೆಯ ವಾರ್ನಿಶು ಆರಿರಲಿಲ್ಲ, ಅವರು ಮೇಲಿಂದ ಮೇಲೆ ಕೈ ಕಿತ್ತುಕೊಂಡು ಅಂಗಿಗೆ ಒರೆಸುತ್ತಿದ್ದರು. ಹಣಮಂತಣ್ಣ ಸಾಯುವ ಮುಂಚೆ ದವಾಖಾನೆಯಲ್ಲಿ ಹೇಳಿ ಬರೆಸಿದ ಮಾತು ಆ ಕಾಗದದಲ್ಲಿತ್ತು. ಓದಿದರು. ಕೋರ್ಟಿನವರೇ ನಮಗೆ ಕೊಟ್ಟ ವಕೀಲರು ನನಗೆ ತಿಳಿಸಿ ಹೇಳಿದರು. ಹಗ್ಗ ಬಿಚ್ಚಿದವನು ನನ್ನ ದೊಡ್ಡಪ್ಪನ ಮಗ, ಇಷ್ಟೇ ಹೇಳಿದ್ದನಂತೆ. ಬೇಕೆಂದು ಮಾಡಿದ ಎಂದೂ ಹೇಳಿರಲಿಲ್ಲ, ತಿಳಿಯದೆ ಮಾಡಿದ ಎಂದೂ ಹೇಳಿರಲಿಲ್ಲ. ಅಲಕ್ಷ್ಯ ಮಾಡಿದ್ದಕ್ಕೆ ಎರಡು ವರ್ಷ ಎಂದು ತೀರ್ಪಾಯಿತು. ಹದಿನಾಲ್ಕು ತಿಂಗಳು ಆಗಲೇ ಕಳೆದಿತ್ತು.

ಹೊರಗೆ ಬಂದ ಮೇಲೆ ವಕೀಲರು, ಕಾಗದ ಸಿಗದೇ ಇದ್ದಿದ್ದರೆ ಒಂದು ದಿನ ಸಾಕಾಗಿ ಬಿಟ್ಟುಬಿಡುತ್ತಿದ್ದರೇನೋ, ಇಲ್ಲದಿದ್ದರೆ ಹೀಗೇ ತಾರೀಖು ಕೊಡುತ್ತ ಹತ್ತು ವರ್ಷ ಇಡುತ್ತಿದ್ದರೇನೋ, ಹೇಳಲು ಬರುವುದಿಲ್ಲ ಎಂದರು. ಆಗಿನಿಂದ ನನ್ನ ತಲೆ ಕೆಟ್ಟದ್ದು ಇಲ್ಲಿಯೇ. ಆ ಗಂಟನ್ನು ನನ್ನ ತಲೆ ಮೇಲೆ ಇಟ್ಟವನು ನನ್ನ ಗಂಡನನ್ನು ಬಿಡಿಸಲು ಇಟ್ಟನೋ, ತನ್ನ ಮಾತು ಸಾಹೇಬರ ಮುಂದೆ ಹೋಗಲಿ ಎಂದು ಇಟ್ಟನೋ? ಹೆದರಿದವಳ ಮೈಯಲ್ಲಿ ಬಲ ಬಂದು ನಾನೇ ಎತ್ತಿಕೊಂಡಿರಬಹುದು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಎತ್ತುವಾಗ ನನಗೆ ಹೆದರಿಕೆಯೇ ಇರಲಿಲ್ಲ. ಹೆದರಿಕೆ ಬಂದದ್ದು ಮೆಟ್ಟಿಲ ಮೇಲೆ.

ಹತ್ತು ತಿಂಗಳ ಮೇಲೆ ಅವರು ಮನೆಗೆ ಬಂದರು. ಬಂದು ವಾರವಾಗಿತ್ತು. ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ ಬಡಿಸಿ ಎದುರಿಗೆ ಕೂತು, ತಡೆಯಲಾರದೆ ಎಲ್ಲ ಹೇಳಿದೆ. ಹಳೇ ಕೋರ್ಟು, ಕೊನೆಯ ಕೋಣೆ, ಎಡಕ್ಕೆ ತಿರುಗಿಸಿದ್ದು, ಎರಡು ಗುದ್ದು. ಅವರು ಮುರಿದ ರೊಟ್ಟಿಯನ್ನು ಕೈಯಲ್ಲೇ ಹಿಡಿದು ಕೇಳಿದರು. ಅವರು ಬೈಯುತ್ತಾರೆ, ಇಲ್ಲವೇ ಹುಚ್ಚಿ ಎಂದು ನಗುತ್ತಾರೆ ಎಂದುಕೊಂಡಿದ್ದೆ.

“ಏನರ ಅಂದನೇನ ಅಂವಾ?” ಎಂದರು.

“ಇಲ್ರಿ, ಏನೂ ಅನ್ನಲಿಲ್ಲ.”

ಅವರು ಉಸಿರು ಬಿಟ್ಟರು. ತುತ್ತು ಬಾಯಿಗಿಟ್ಟುಕೊಂಡು ಕೆಳಗೆ ನೋಡುತ್ತ ಉಂಡು ಮುಗಿಸಿದರು. ಮತ್ತೆ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವರು ಹೋಗಿ ಈಗ ಎರಡು ವರ್ಷ. ಆ ಉಸಿರು ಎಂಥದ್ದು ಎಂದು ನನಗೆ ಇನ್ನೂ ಗೊತ್ತಾಗಿಲ್ಲ. ಒಂದು ಮಾತ್ರ ಗೊತ್ತು. ನಾನು ಹೇಳಿದ್ದು ಖರೆಯೋ ಸುಳ್ಳೋ ಎಂದು ಅವರು ಕೇಳಲೇ ಇಲ್ಲ.